ನಮ್ಮೂರ ಕೆರೆಗೆ ನಮ್ಮದೇ ದೋಣಿ ಇಳಿಸಲು ಯಾರ ಅನುಮತಿ ಬೇಕು?

ಒಳ್ಳೆಯ ಮಳೆಯಾಗಿ ಕೆರೆ ತುಂಬಿದ ವರ್ಷ ಮೊಬೈಲುಗಳಲ್ಲಿ ಎರಡು ಬಗೆಯ ವಿಡಿಯೊ ಓಡಾಡುತ್ತವೆ. ಒಂದು, ಕೋಡಿ ಬಿದ್ದ ಕೆರೆಗೆ ಬಾಗಿನ ಬಿಡುವುದು. ಇನ್ನೊಂದು, ನಾಲ್ಕೈದು ಹುಡುಗರು ಗಾಳಿ ತುಂಬಿದ ರಬ್ಬರ್ ದೋಣಿಯಲ್ಲೋ ತೆಪ್ಪದಲ್ಲೋ ಕೂತು ಕೆರೆಯ ನಡುವೆ ಸೆಲ್ಫಿ ತೆಗೆದುಕೊಳ್ಳುವುದು. ಈಗ ರಬ್ಬರ್ ದೋಣಿಯನ್ನು ಮೊಬೈಲಿನಲ್ಲೇ ಆರ್ಡರ್ ಮಾಡಬಹುದು, ಮನೆ ಬಾಗಿಲಿಗೇ ಬರುತ್ತದೆ. ಅದಕ್ಕೆ ಕೂರಿಸುವ ಸಣ್ಣ ಮೋಟಾರೂ ಸಿಗುತ್ತದೆ. ಹಾಗಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಕಡೆಯಲ್ಲೂ ದೋಣಿ ಇಟ್ಟುಕೊಳ್ಳುವುದು ಈಗ ದೂರದ ಮಾತಲ್ಲ.

ದೋಣಿಯ ಜೊತೆಗೇ ಕೆಲವು ಮಾತುಗಳೂ ಬರುತ್ತವೆ. "ಸಣ್ಣ ದೋಣಿಗೆ ಲೈಸೆನ್ಸ್ ಬೇಡ", "ಕೆರೆ ಊರಿನದು, ಯಾರನ್ನೂ ಕೇಳಬೇಕಾಗಿಲ್ಲ", "ತೆಪ್ಪ ಮುಳುಗುವುದೇ ಇಲ್ಲ", "ಈಜು ಬರುವವನಿಗೆ ಲೈಫ್ ಜಾಕೆಟ್ ಯಾಕೆ?" ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಮೊದಲು ನಮ್ಮ ನೀರು ಎಂಥದ್ದು?

ಈ ನಾಲ್ಕೂ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಯವೇ. ಆದರೆ ನಾಲ್ಕು ಕಡೆಯ ನೀರಿನ ಗುಣ ಬೇರೆ ಬೇರೆ.

ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, ತುಂಬಿದಾಗ ಸುಮಾರು 6,500 ಎಕರೆ ಹರಡುತ್ತದೆ. ಚದರ ಕಿಲೋಮೀಟರಿನಲ್ಲಿ ಹೇಳಿದರೆ ಸುಮಾರು 26. ಇಷ್ಟು ದೊಡ್ಡ ಬಯಲು ನೀರಿನ ಮೇಲೆ ಗಾಳಿಗೆ ಅಡ್ಡಿಯೇ ಇಲ್ಲ. ಗಾಳಿ ನೀರಿನ ಮೇಲೆ ಎಷ್ಟು ದೂರ ಓಡುತ್ತದೋ ಅಲೆ ಅಷ್ಟು ಬೆಳೆಯುತ್ತದೆ. ಊರ ಮುಂದಿನ ಕಟ್ಟೆಯಲ್ಲಿ ಬರೀ ತೆರೆ ಎಬ್ಬಿಸುವ ಗಾಳಿ ಸೂಳೆಕೆರೆಯ ಆಚೆ ದಡ ಮುಟ್ಟುವ ಹೊತ್ತಿಗೆ ಸಣ್ಣ ದೋಣಿಯ ಒಳಗೆ ನೀರು ಎರಚುವಷ್ಟು ಅಲೆ ಎಬ್ಬಿಸಬಲ್ಲದು. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಹೋಗುವಾಗ ಬೆನ್ನ ಹಿಂದಿದ್ದ ಗಾಳಿ ಬರುವಾಗ ಎದುರು ನಿಲ್ಲುತ್ತದೆ. ಹುಟ್ಟು ಹಾಕುವ ಕೈ ಸೋಲುವುದು ಅಲ್ಲಿ.

ಹೊನ್ನಾಳಿಯದು ಕೆರೆಯ ಕತೆಯಲ್ಲ, ಹೊಳೆಯ ಕತೆ. ಶಿವಮೊಗ್ಗದ ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ಹೊನ್ನಾಳಿಯತ್ತ ಹರಿಯುತ್ತವೆ. ಮೇಲೆ ಗಾಜನೂರಿನಲ್ಲಿ ತುಂಗೆಗೆ, ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟುಗಳಿವೆ. ಹೊನ್ನಾಳಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಮಲೆನಾಡಿನಲ್ಲಿ ಮಳೆ ಸುರಿದು ಅಲ್ಲಿ ಗೇಟು ತೆರೆದರೆ ಇಲ್ಲಿ ಹೊಳೆ ಏರುತ್ತದೆ. ನೆತ್ತಿಯ ಮೇಲಿನ ಆಕಾಶ ನೋಡಿ ಹೊಳೆಯನ್ನು ಅಳೆಯಲಾಗದು. ಅದರ ಮೇಲೆ ಮರಳು ತೆಗೆದ ಗುಂಡಿಗಳು ಬೇರೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳಕ್ಕೆ ಹೋಗುತ್ತಾನೆ.

ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ ಕಡೆ ಸಣ್ಣ ಕೆರೆ, ಕಟ್ಟೆಗಳು ಕಣ್ಣಿಗೆ ಹತ್ತಿರ. ಸಣ್ಣ ಕೆರೆಯಾದರೂ ಏರಿಯ ಪಕ್ಕ, ತೂಬಿನ ಬಳಿ ಆಳ ಹೆಚ್ಚು. ತೂಬು ತೆರೆದಿದ್ದಾಗ ಅಲ್ಲಿ ನೀರಿನ ಸೆಳೆತ ಇರುತ್ತದೆ. ಮೇಲಿನಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ. ಕೋಡಿ ಹರಿಯುತ್ತಿದ್ದರೆ ಅದರ ಹತ್ತಿರ ದೋಣಿ ಒಯ್ಯುವುದು ಜಲಪಾತದ ತುದಿಗೆ ಒಯ್ದಂತೆ.

ಜಗಳೂರು ಬರದ ನಾಡು. ತುಂಗಭದ್ರೆಯ ನೀರನ್ನು ಪಂಪ್ ಮಾಡಿ 57 ಕೆರೆಗಳಿಗೆ ಹರಿಸುವ ಯೋಜನೆಯಿಂದ ಬತ್ತಿದ್ದ ಕೆರೆಗಳಿಗೆ ನೀರು ಬರತೊಡಗಿತು. ಇಂಥ ಕೆರೆಯ ಅಪಾಯ ತಳದಲ್ಲಿದೆ. ವರ್ಷಗಟ್ಟಲೆ ಒಣಗಿದ್ದ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿರುತ್ತದೆ, ಹೊಲಕ್ಕೆ ಮಣ್ಣು ಹೊಡೆದ ಗುಂಡಿಗಳಿರುತ್ತವೆ. ನೀರು ಬಂದ ಮೇಲೆ ಎಲ್ಲವೂ ಮುಚ್ಚಿಹೋಗುತ್ತದೆ. ರಬ್ಬರ್ ದೋಣಿಗೆ ಜಾಲಿ ಮುಳ್ಳು ಒಂದು ಸಾಕು. ಹೊಸ ನೀರು ನೋಡಿದ ಸಂಭ್ರಮದಲ್ಲಿರುವ, ಈಜು ಕಲಿಯಲು ನೀರೇ ಇಲ್ಲದೆ ಬೆಳೆದ ಮಕ್ಕಳಿಗೆ ಗುಂಡಿ ಒಂದು ಸಾಕು.

ಮಾತು 1: "ಸಣ್ಣ ದೋಣಿಗೆ ಕಾನೂನೇ ಇಲ್ಲ"

ಸುಳ್ಳು. ದೋಣಿಯ ಅಳತೆಗಿಂತ ಮೊದಲು ಕಾನೂನು ಕೇಳುವುದು ಬೇರೆ ಪ್ರಶ್ನೆ: ಅದನ್ನು ಓಡಿಸುವುದು ಯಂತ್ರವೋ, ತೋಳೋ?

1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಸಂಸತ್ತು ಹೊಸ ಇನ್‌ಲ್ಯಾಂಡ್ ವೆಸಲ್ಸ್ ಆ್ಯಕ್ಟ್ ತಂದಿತು. ಕನ್ನಡದಲ್ಲಿ ಹೇಳುವುದಾದರೆ ಒಳನಾಡು ನೌಕೆಗಳ ಕಾಯ್ದೆ. ಒಳನಾಡು ಅಂದರೆ ಸಮುದ್ರ ಬಿಟ್ಟು ನದಿ, ಕಾಲುವೆ, ಸರೋವರದಂಥ ದೋಣಿ ಸಾಗಬಹುದಾದ ನೀರು. ಇದರ ಪ್ರಕಾರ ಯಂತ್ರದಿಂದ ಓಡುವ ದೋಣಿಗೆ ಮುಖ್ಯವಾಗಿ ನಾಲ್ಕು ದಾಖಲೆ ಬೇಕು.

• ತಪಾಸಣೆ ಪ್ರಮಾಣಪತ್ರ: ಸರ್ಕಾರ ನೇಮಿಸಿದ ಸರ್ವೇಯರ್ ದೋಣಿಯನ್ನು ನೋಡಿ, ಓಡಿಸಲು ಯೋಗ್ಯ ಎಂದು ಬರೆದುಕೊಡುವುದು. ಯಾವ ಬಗೆಯ ನೀರಿನಲ್ಲಿ ಓಡಿಸಬಹುದು ಎಂಬುದೂ ಅದರಲ್ಲಿರುತ್ತದೆ.
• ನೋಂದಣಿ ಪ್ರಮಾಣಪತ್ರ: ಗಾಡಿಯ ಆರ್‌ಸಿ ಇದ್ದ ಹಾಗೆ. ಒಮ್ಮೆ ಆದರೆ ದೇಶದೆಲ್ಲೆಡೆ ನಡೆಯುತ್ತದೆ.
• ವಿಮೆ: ದೋಣಿಯಿಂದ ಯಾರಾದರೂ ಸತ್ತರೆ, ಗಾಯಗೊಂಡರೆ, ಆಸ್ತಿ ಹಾಳಾದರೆ ಪರಿಹಾರಕ್ಕೆ.
• ಓಡಿಸುವವನ ಅರ್ಹತಾಪತ್ರ: ದೋಣಿ ನಿಮ್ಮದಾದ ಮಾತ್ರಕ್ಕೆ ಚಾಲಕ ನೀವಾಗುವುದಿಲ್ಲ.

ಇಲ್ಲಿ ಹಲವರು ಎಡವುವುದು ಬ್ಯಾಟರಿ ಮೋಟಾರಿನ ವಿಷಯದಲ್ಲಿ. ಹುಟ್ಟು ಹಾಕುವ ದೋಣಿ ಕೊಂಡು, ಆಮೇಲೆ ಹಿಂದೆ ಸಣ್ಣ ಬ್ಯಾಟರಿ ಮೋಟಾರ್ ಕೂರಿಸಿದರೆ ಅದು ಯಂತ್ರದ ದೋಣಿಯಾಯಿತು. ಹೊಗೆ ಬರಲಿ ಬಿಡಲಿ, ತಳ್ಳುತ್ತಿರುವುದು ಯಂತ್ರವೇ.

ಹಾಗಾದರೆ ಬರೀ ಹುಟ್ಟಿನ ದೋಣಿಗೆ, ತೆಪ್ಪಕ್ಕೆ ಏನೂ ಬೇಡವೇ? ಇವುಗಳ ಮೇಲೆ ಅಷ್ಟು ಭಾರದ ನಿಯಮವಿಲ್ಲ. ಆದರೆ ಯಂತ್ರವಿಲ್ಲದ ದೋಣಿಗಳನ್ನೂ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಮಟ್ಟದಲ್ಲೇ ಪಟ್ಟಿಗೆ ಸೇರಿಸುವ ದಾರಿಯನ್ನು ಕಾಯ್ದೆ ಮಾಡಿಟ್ಟಿದೆ. ಕರ್ನಾಟಕದಲ್ಲಿ ಈ ವಿಷಯಕ್ಕೆ ಇರುವುದು ಕಾರವಾರ ಕೇಂದ್ರವಾದ ಬಂದರು ಮತ್ತು ಒಳನಾಡು ಜಲಸಾರಿಗೆ ವ್ಯವಸ್ಥೆ ಮತ್ತು ಕರ್ನಾಟಕ ಜಲಸಾರಿಗೆ ಮಂಡಳಿ. ದೋಣಿ ಕೊಳ್ಳುವ ಮೊದಲೇ ಅಲ್ಲಿ ವಿಚಾರಿಸುವುದು ಒಳ್ಳೆಯದು. ಕೊಂಡ ಮೇಲೆ ತಪಾಸಣೆಯಲ್ಲಿ ಫೇಲಾದರೆ ಹಣ ವಾಪಸ್ ಬರುವುದಿಲ್ಲ.

ಇನ್ನೊಂದು ಕಾನೂನು ಯಂತ್ರ ಇದೆಯೋ ಇಲ್ಲವೋ ನೋಡುವುದೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಗೆ ಜನರನ್ನೋ ಸಾಮಾನನ್ನೋ ನೀರಿನ ಮೇಲೆ ಸಾಗಿಸಲು ಮಾಡಿದ್ದೆಲ್ಲ ದೋಣಿಯೇ. ತೆಪ್ಪವೂ ಅದರಲ್ಲಿ ಬಂತು. ಅದರ 282ನೇ ಕಲಂ ಪ್ರಕಾರ ಜೀವಕ್ಕೆ ಅಪಾಯವಾಗುವಂತೆ ದೋಣಿ ಓಡಿಸಿದರೆ 6 ತಿಂಗಳವರೆಗೆ ಜೈಲು, 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 284ನೇ ಕಲಂ ಬಾಡಿಗೆಯ ವಿಷಯ. ದೋಣಿಯ ಸ್ಥಿತಿಯಿಂದಲೋ ಹೊರೆಯಿಂದಲೋ ಜೀವಕ್ಕೆ ಅಪಾಯವಿದೆ ಎಂದು ಗೊತ್ತಿದ್ದೂ, ಅಥವಾ ಗಮನ ಕೊಡದೆ, ದುಡ್ಡು ಪಡೆದು ಜನರನ್ನು ಸಾಗಿಸಿದರೆ 6 ತಿಂಗಳವರೆಗೆ ಜೈಲು, 5 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ 106ನೇ ಕಲಂ ಅಡಿ 5 ವರ್ಷದವರೆಗೆ ಜೈಲಾಗಬಹುದು. ಜಾತ್ರೆಯಲ್ಲಿ ತಲೆಗೆ ಇಪ್ಪತ್ತು ರೂಪಾಯಿ ತಗೊಂಡು ಒಂದು ಸುತ್ತು ಹಾಕಿಸುವವನಿಗೂ ಇವೆಲ್ಲ ಅನ್ವಯಿಸುತ್ತವೆ.

ಮಾತು 2: "ಕೆರೆ ಊರಿನದು, ಯಾರನ್ನೂ ಕೇಳಬೇಕಾಗಿಲ್ಲ"

ಅರ್ಧ ನಿಜ. ಕೆರೆ ಊರಿನದೇ. ಆದರೆ ಊರಿನ ಪರವಾಗಿ ಅದನ್ನು ನೋಡಿಕೊಳ್ಳಲು ಒಬ್ಬ ಯಜಮಾನ ಇದ್ದಾನೆ. ದೋಣಿಗೆ ಎಲ್ಲ ಕಾಗದ ಇದ್ದರೂ ಅದನ್ನು ಆ ನೀರಿಗೆ ಇಳಿಸುವ ಅನುಮತಿ ಬೇರೆಯೇ.

ಯಾರನ್ನು ಕೇಳಬೇಕು? ಅದು ಕೆರೆಯ ಅಚ್ಚುಕಟ್ಟಿನ ಮೇಲೆ ನಿಂತಿದೆ. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೆ ಸೇರುತ್ತವೆ. 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ. ಅದಕ್ಕೂ ದೊಡ್ಡವು ಜಲಸಂಪನ್ಮೂಲ ಇಲಾಖೆಯ ಕಡೆಗೆ. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಕೊಟ್ಟಿದ್ದರೆ ಮೀನುಗಾರರ ಬಲೆಗಳಿರುತ್ತವೆ. ನಿಮ್ಮ ಮೋಟಾರಿನ ಪಂಖಕ್ಕೆ ಬಲೆ ಸುತ್ತಿದರೆ ಅವರಿಗೂ ನಷ್ಟ, ನಿಮಗೂ ಅಪಾಯ.

ಕೆಲವು ಕೆರೆಗಳು ಕುಡಿಯುವ ನೀರಿನವೂ ಹೌದು. ಸೂಳೆಕೆರೆಯ ನೀರು ಚಿತ್ರದುರ್ಗದ ನಲ್ಲಿಗಳವರೆಗೆ ಹೋಗುತ್ತದೆ. ಇಂಥ ನೀರಿಗೆ ಡೀಸೆಲ್, ಆಯಿಲ್ ಸೋರುವುದು ದೋಣಿಯವನೊಬ್ಬನ ವಿಷಯವಲ್ಲ. ಅದು ನೀರು ಕುಡಿಯುವ ಸಾವಿರಾರು ಮನೆಗಳ ವಿಷಯ.

ಮೀನುಗಾರರ ತೆಪ್ಪದ ಬಗ್ಗೆಯೂ ಒಂದು ಮಾತು. ಮೀನು ಹಿಡಿಯಲು ಇರುವ ಅನುಮತಿ ಜನರನ್ನು ಕೂರಿಸಿಕೊಳ್ಳಲು ಕೊಟ್ಟ ಅನುಮತಿಯಲ್ಲ. "ಅಣ್ಣಾ, ಒಂದು ರೌಂಡ್ ಹಾಕ್ಸಿ" ಎಂದು ಕೇಳುವ ನಾವೂ ಇದನ್ನು ತಿಳಿದಿರಬೇಕು. ಹೆಚ್ಚುಕಡಿಮೆಯಾದರೆ ಕೇಸು ಬೀಳುವುದು ಒಲ್ಲೆ ಎನ್ನಲಾಗದೆ ಕೂರಿಸಿಕೊಂಡ ಅವರ ಮೇಲೆ.

ಮಾತು 3: "ತೆಪ್ಪ ಮುಳುಗುವುದಿಲ್ಲ, ಇನ್ನಿಬ್ಬರು ಹತ್ತಲಿ"

ಇದು ಎಲ್ಲಕ್ಕಿಂತ ಅಪಾಯದ ಮಾತು, ಏಕೆಂದರೆ ಕಣ್ಣಿಗೆ ನಿಜ ಎಂದೇ ಕಾಣುತ್ತದೆ. ಒಂದು ಲೆಕ್ಕ ಮಾಡೋಣ.

2 ಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಒಂದು ದುಂಡು ತೆಪ್ಪ ಅಂದುಕೊಳ್ಳಿ. ಅದರ ಅಂಚು ನೇರವಾಗಿದೆ ಎಂದೇ ಇಟ್ಟುಕೊಳ್ಳೋಣ. ಅದರ ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು ನೀರಿನಲ್ಲಿ 1 ಸೆಂಟಿಮೀಟರ್ ಇಳಿದರೆ ಸುಮಾರು 31 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅಂದರೆ 31 ಕಿಲೋ ಭಾರ ಹೊರುತ್ತದೆ. 62 ಕಿಲೋದ ಒಬ್ಬ ಮನುಷ್ಯ ಹತ್ತಿದರೆ ತೆಪ್ಪ ಇಳಿಯುವುದು ಕೇವಲ 2 ಸೆಂಟಿಮೀಟರ್. ಎರಡು ಬೆರಳಿನಷ್ಟೂ ಇಲ್ಲ! ಅದಕ್ಕೇ "ಏನೂ ಆಗಲ್ಲ, ಬಾರೋ" ಎನ್ನುವುದು.

ತೆಪ್ಪದ ಸ್ವಂತ ತೂಕವೂ ಸೇರಿ ನಾಲ್ಕು ಜನ ಕೂತಾಗ ಅದು 10 ಸೆಂಟಿಮೀಟರ್ ಇಳಿಯಿತು ಎನ್ನೋಣ. ನೀರಿನ ಮೇಲೆ 35 ಸೆಂಟಿಮೀಟರ್ ಅಂಚು ಉಳಿದಿದೆ. ಹತ್ತು ಜನ ಕೂತರೆ ಉಳಿಯುವುದು 23 ಸೆಂಟಿಮೀಟರ್. ಇನ್ನೂ ಬೇಕಾದಷ್ಟಿದೆ ಅನ್ನಿಸುತ್ತದೆ. ಈಗ ಒಬ್ಬರು ಸೆಲ್ಫಿಗೆ ಎದ್ದು ನಿಂತರು, ಉಳಿದವರು ಅದೇ ಕಡೆ ವಾಲಿದರು, ತೆಪ್ಪ ಬರೀ 10 ಡಿಗ್ರಿ ಓರೆಯಾಯಿತು. ಆ ಕಡೆಯ ಅಂಚು ಒಮ್ಮೆಲೇ 17 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಉಳಿದದ್ದು 6. ಗಾಳಿಗೆ ಏಳುವ ಸಣ್ಣ ಅಲೆಗೂ ಅದು ತಡೆಯಲ್ಲ. ನಾಲ್ಕು ಜನರಿದ್ದಾಗ ಇದೇ ಓರೆಗೆ 18 ಸೆಂಟಿಮೀಟರ್ ಉಳಿಯುತ್ತಿತ್ತು.

ಒಳಗೆ ಬಂದ ನೀರು ಇನ್ನೊಂದು ಕೆಲಸ ಮಾಡುತ್ತದೆ. ತಳದಲ್ಲಿ 1 ಸೆಂಟಿಮೀಟರ್ ನೀರು ನಿಂತರೂ ಅದು 31 ಕಿಲೋ. ಅದು ಮನುಷ್ಯನ ಹಾಗೆ ಒಂದು ಕಡೆ ಕೂರುವುದಿಲ್ಲ. ತೆಪ್ಪ ಎತ್ತ ವಾಲಿತೋ ಅತ್ತಲೇ ಓಡಿ ಇನ್ನಷ್ಟು ವಾಲಿಸುತ್ತದೆ. ನಿಜವಾದ ತೆಪ್ಪದ ತಳ ಬಾಯಿಗಿಂತ ಕಿರಿದಾಗಿರುವುದರಿಂದ ನಮ್ಮ ಲೆಕ್ಕಕ್ಕಿಂತ ಹೆಚ್ಚೇ ಇಳಿಯುತ್ತದೆ.

ಹಾಗಾಗಿ ತೆಪ್ಪ ಮುಳುಗುವುದಿಲ್ಲ ಎನ್ನುವುದು ಬಹುಮಟ್ಟಿಗೆ ಸರಿ. ಅದು ಮಗುಚುತ್ತದೆ. ಮುಳುಗುವುದು ಜನ.

"ಕೆರೆ ತಾನೇ, ಸಮುದ್ರವಲ್ಲವಲ್ಲ" ಎನ್ನುವವರಿಗೆ ಮೂರು ದಿನಾಂಕ

2019ರ ಜನವರಿ 21: ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು.

2023ರ ಮೇ 7: ಕೇರಳದ ತಾನೂರಿನಲ್ಲಿ ಸಂಜೆ ಕತ್ತಲಾದ ಮೇಲೆ ವಿಹಾರಕ್ಕೆ ಹೊರಟ ದೋಣಿ ಮಗುಚಿ 22 ಮಂದಿ ಸತ್ತರು. ಅದು ಮೀನುಗಾರಿಕೆಯ ದೋಣಿಯನ್ನು ಬದಲಾಯಿಸಿ ಮಾಡಿದ ವಿಹಾರ ದೋಣಿ. ಅದರಲ್ಲೂ ಹೆಚ್ಚು ಜನರಿದ್ದರು.

2024ರ ಜನವರಿ 18: ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ.

ಒಂದು ಸಮುದ್ರ, ಒಂದು ಅಳಿವೆಯ ಹಿನ್ನೀರು, ಒಂದು ನಗರದೊಳಗಿನ ಕೆರೆ. ಮೂರು ಕಡೆಯೂ ತಪ್ಪು ಒಂದೇ: ದೋಣಿ ಹೊರುವುದಕ್ಕಿಂತ ಹೆಚ್ಚು ಜನ.

ಮಾತು 4: "ಈಜು ಬರುವವನಿಗೆ ಲೈಫ್ ಜಾಕೆಟ್ ಯಾಕೆ?"

ಏಕೆಂದರೆ ದೋಣಿ ಮಗುಚುವಾಗ ನೀವು ಈಜುವ ಸ್ಥಿತಿಯಲ್ಲಿ ಇರುವುದಿಲ್ಲ. ಮೈಮೇಲೆ ಪ್ಯಾಂಟು, ಸೀರೆ, ಚಪ್ಪಲಿ. ತಲೆಗೆ ದೋಣಿಯ ಅಂಚು ಬಡಿದಿರಬಹುದು. ಈಜು ಬಾರದ ಇಬ್ಬರು ನಿಮ್ಮ ಕುತ್ತಿಗೆ ಹಿಡಿದಿರಬಹುದು.

ಮನುಷ್ಯನ ದೇಹ ನೀರಿಗಿಂತ ಬಹಳ ಭಾರವೇನಲ್ಲ. ಬಾಯಿ, ಮೂಗು ನೀರಿನ ಮೇಲೆ ಉಳಿಯಲು ಹೆಚ್ಚಿನವರಿಗೆ ಬೇಕಾಗುವುದು ಸುಮಾರು 3ರಿಂದ 5 ಕಿಲೋದಷ್ಟು ಮೇಲೆತ್ತುವ ಬಲ ಮಾತ್ರ. ಜಾಕೆಟ್ ಕೊಡುವುದು ಅದನ್ನೇ. ಜಾಕೆಟಿನ ಮೇಲೆ 50, 100, 150 ಎಂಬ ನ್ಯೂಟನ್ ಅಂಕಿ ಇದ್ದರೆ ಅದನ್ನು 10ರಿಂದ ಭಾಗಿಸಿ. ಸುಮಾರಾಗಿ ಅಷ್ಟು ಕಿಲೋ ಎತ್ತುತ್ತದೆ ಎಂದರ್ಥ. 50ರದ್ದು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ. ಈಜು ಬಾರದವರಿಗೆ 100 ಅಥವಾ ಮೇಲಿನದು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರ ಜಾಕೆಟ್ಟಿನಿಂದ ಮಗು ಕೆಳಗೆ ಜಾರಿಹೋಗುತ್ತದೆ. ಕೊಂಡು ದೋಣಿಯ ಮೂಲೆಯಲ್ಲಿಟ್ಟ ಜಾಕೆಟ್ ಲೆಕ್ಕಕ್ಕಿಲ್ಲ. ಹತ್ತುವ ಮೊದಲು ಹಾಕಿ, ಬಕಲ್ ಬಿಗಿದಿರಬೇಕು. ಟ್ಯೂಬು, ಮಕ್ಕಳ ಆಟದ ಗಾಳಿಚೀಲ ಜಾಕೆಟ್ ಅಲ್ಲ. ಒಂದು ತೂತಿಗೆ ಅವುಗಳ ಆಯಸ್ಸು ಮುಗಿಯಿತು.

ಮತ್ತೊಂದು ತಪ್ಪು ತಿಳಿವಳಿಕೆ: ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಎನ್ನುವುದು. ಸಿನಿಮಾದಲ್ಲಿ ಹಾಗೆ. ನಿಜದಲ್ಲಿ ಉಸಿರಿಗೇ ಬಾಯಿ ಸಾಲದಾಗ ಕೂಗುವುದಕ್ಕೆ ಎಲ್ಲಿಂದ ಬರಬೇಕು? ಹಲವು ಸಲ ಅದು ಸದ್ದಿಲ್ಲದೆ, ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ದಡದಲ್ಲಿ ನಿಂತು ವಿಡಿಯೊ ಮಾಡುತ್ತಿದ್ದವರಿಗೂ ಗೊತ್ತಾಗದೆ ಹೋಗುವುದು ಹೀಗೆ.

ಮಾತು 5: "ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಬದುಕುತ್ತಾರೆ"

ಇದು ವರ್ಷಗಳಿಂದ ಸುತ್ತುತ್ತಿರುವ ಫಾರ್ವರ್ಡ್. ಶುದ್ಧ ಸುಳ್ಳು. ಇದನ್ನು ನಂಬಿದವರು ದೂರದವರಲ್ಲ. 2023ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆರೆಯಲ್ಲಿ ಮುಳುಗಿ ಸತ್ತ ಇಬ್ಬರು ಬಾಲಕರನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿ ಕಾದರು. ಮೊಬೈಲಿನಲ್ಲಿ ಬಂದ ಸಂದೇಶ ನೋಡಿ. ಆ ತಂದೆತಾಯಿಯರದು ಮೂಢತನ ಎಂದು ನಗುವುದು ಸುಲಭ. ಅಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ನಂಬುವ ಮನಸ್ಸಾಗುತ್ತದೆ. ತಪ್ಪು ಅದನ್ನು ಯೋಚಿಸದೆ ಮುಂದೆ ಕಳಿಸಿದವರದು.

ಉಪ್ಪು ದೇಹದೊಳಗಿನ ನೀರನ್ನು "ಎಳೆದು" ಉಸಿರು ತರಿಸಲಾರದು. ಮುಳುಗಿದವರನ್ನು ಕೊಲ್ಲುವುದು ಹೊಟ್ಟೆಯೊಳಗಿನ ನೀರಲ್ಲ, ಆಮ್ಲಜನಕ ಸಿಗದಿರುವುದು. ಆಮ್ಲಜನಕ ನಿಂತು ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಹೆಗಲ ಮೇಲೆ ಹಾಕಿ ತಿರುಗಿಸುವುದು, ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತುವುದು, ಇವೆಲ್ಲ ಆ ನಾಲ್ಕೈದು ನಿಮಿಷವನ್ನು ನುಂಗುವ ಕೆಲಸಗಳು. ಹೊಟ್ಟೆ ಒತ್ತಿದರೆ ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ.

ಮಾಡಬೇಕಾದದ್ದು:

• ಈಜಲು ಹಾರುವ ಮೊದಲು ಏನಾದರೂ ಚಾಚಿ, ಎಸೆಯಿರಿ: ಬಿದಿರ ಗಳ, ಹಗ್ಗ, ಪಂಚೆ, ಸೀರೆ. ಮುಚ್ಚಳ ಬಿಗಿದ 10 ಲೀಟರಿನ ಖಾಲಿ ಕ್ಯಾನು ಸುಮಾರು 10 ಕಿಲೋ ಎತ್ತುತ್ತದೆ. ಒಬ್ಬರನ್ನು ತೇಲಿಸಲು ಅದು ಸಾಕು. ಒಬ್ಬರನ್ನು ಉಳಿಸಲು ಹಾರಿ ಇಬ್ಬರು, ಮೂವರು ಸತ್ತ ಸುದ್ದಿಗಳನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.
• ಕೂಡಲೇ 112ಕ್ಕೋ 108ಕ್ಕೋ ಕರೆ ಮಾಡಿಸಿ.
• ದಡಕ್ಕೆ ತಂದವರು ಉಸಿರಾಡುತ್ತಿಲ್ಲವಾದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು.
• ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು ಕೊಡಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ದೊಡ್ಡವರಿಗೆ ಆಳ ಸುಮಾರು 5 ಸೆಂಟಿಮೀಟರ್. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.
• ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಿನ ತೊಂದರೆ ಕೆಲವು ಗಂಟೆಗಳ ನಂತರ ಹೆಚ್ಚಬಹುದು.

ದೋಣಿ ಇಳಿಸುವ ಮುನ್ನ ಮೂರು ಪ್ರಶ್ನೆ

ದೋಣಿ ಇಟ್ಟುಕೊಳ್ಳುವುದು ತಪ್ಪಲ್ಲ. ತುಂಬಿದ ಕೆರೆಯ ಮೇಲೆ ಬೆಳಗಿನ ಹೊತ್ತು ಹುಟ್ಟು ಹಾಕುತ್ತ ಹೋಗುವ ಸುಖವೇ ಬೇರೆ. ಆದರೆ ಹೊರಡುವ ಮೊದಲು ಮೂರು ಪ್ರಶ್ನೆಗೆ ಉತ್ತರ ಇರಲಿ.

ದೋಣಿ ಸರಿ ಇದೆಯೇ? ಯಂತ್ರವಿದ್ದರೆ ತಪಾಸಣೆ, ನೋಂದಣಿ, ವಿಮೆ, ಚಾಲಕನ ಪತ್ರ. ಯಂತ್ರವಿಲ್ಲದಿದ್ದರೂ ತೂತು ನೋಡುವುದು, ನೀರು ಎತ್ತಿಹಾಕಲು ಡಬ್ಬಿ, ಹೆಚ್ಚಿಗೆ ಒಂದು ಹುಟ್ಟು, ಹಗ್ಗ, ಸೀಟಿ.

ನೀರು ಸರಿ ಇದೆಯೇ? ಕೆರೆಯ ಯಜಮಾನ ಒಪ್ಪಿದ್ದಾರೆಯೇ, ಗಾಳಿ ಹೇಗಿದೆ, ತೂಬು ತೆರೆದಿದೆಯೇ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ. ಹೊತ್ತು ಮುಳುಗುವ ಮೊದಲು ದಡ ಸೇರಲು ಸಮಯವಿದೆಯೇ.

ಜನ ಸರಿ ಇದ್ದಾರೆಯೇ? ಎಷ್ಟು ಜಾಕೆಟ್ಟೋ ಅಷ್ಟೇ ಜನ. ಕುಡಿದವರು ಬೇಡ. ನಿಲ್ಲುವವರು ಬೇಡ. ಎಲ್ಲಿಗೆ ಹೋಗಿದ್ದೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ದಡದಲ್ಲಿ ಒಬ್ಬರಿಗೆ ಗೊತ್ತಿರಲಿ.

ಇವುಗಳಲ್ಲಿ ಒಂದಕ್ಕೆ "ಇಲ್ಲ" ಎಂಬ ಉತ್ತರ ಬಂದರೂ ಆವತ್ತು ದೋಣಿ ದಡದಲ್ಲೇ ಇರಲಿ. ಕೆರೆ ನಾಳೆಯೂ ಅಲ್ಲೇ ಇರುತ್ತದೆ. ಇನ್ನು ಮುಂದೆ ಉಪ್ಪಿನ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅಲ್ಲೇ ಅಳಿಸಿ, ಅದರ ಬದಲು ಉಸಿರು ಕೊಡುವ ಕ್ರಮವನ್ನು ಕಳಿಸಿ.